ಹಲವು ಆಸಕ್ತಿಯ ಮಕ್ಕಳು ಮತ್ತು ಪದವಿಯ ಆಯ್ಕೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಮಠಕ್ಕೆ ಬರುವ ತಂದೆತಾಯಿಗಳ ಪ್ರಶ್ನೆ ಬಹುತೇಕ ಒಂದೇ. ‘ಅಜ್ಜಾರ, ಈ ಹುಡುಗಗ ಮುಂದ ಏನ್ ಓದಸೂಣ್ರಿ?’ ಪಕ್ಕದಲ್ಲೇ ನಿಂತ ಹುಡುಗನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅವನ ಉತ್ತರವೂ ಒಂದಾಗಿರುವುದಿಲ್ಲ. ಗಣಿತ ಚೆನ್ನಾಗಿ ಬರುತ್ತದೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಕಂಡರೆ ನಿಂತು ಓದಬೇಕೆನಿಸುತ್ತದೆ. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದರೆ ರಾತ್ರಿ ಮನೆಯ ನೆನಪೇ ಇರುವುದಿಲ್ಲ. ಮನೆಯವರು ಇದನ್ನು ಚಂಚಲ ಬುದ್ಧಿ ಎನ್ನುತ್ತಾರೆ. ನಾವು ಹಾಗೆನ್ನಲು ಸಿದ್ಧರಿಲ್ಲ.

ಹುಟ್ಟಿದ ಮನೆಯೇ ಕಸುಬನ್ನು ಗೊತ್ತುಮಾಡುವ ವ್ಯವಸ್ಥೆಯನ್ನು ಒಪ್ಪದವರು ಶರಣರು. ಅವರ ಹೆಸರು ಹೇಳುವ ನಮ್ಮ ಮನೆಗಳಲ್ಲಿ ಈಗ ಅದೇ ಕೆಲಸವನ್ನು ಅಂಕಪಟ್ಟಿ ಮಾಡುತ್ತಿದೆ. ಹೆಚ್ಚು ಅಂಕ ಬಂದರೆ ವಿಜ್ಞಾನ, ಸ್ವಲ್ಪ ಕಡಿಮೆಯಾದರೆ ವಾಣಿಜ್ಯ, ಏನೂ ಸಿಗದಿದ್ದರೆ ಕಲೆ. ಹೆಣ್ಣುಮಗಳಾದರೆ ಅಷ್ಟು ಲೆಕ್ಕವೂ ಇಲ್ಲ. ಊರಿಗೆ ಹತ್ತಿರದ ಕಾಲೇಜಿನಲ್ಲಿ ಏನಿದೆಯೋ ಅದು. ಇಳಕಲ್ಲಿನ ನೇಕಾರರ ಮನೆಯ ಹುಡುಗಿಗೆ ಬಣ್ಣದ ರಸಾಯನವೂ ಬೇಕು, ವ್ಯಾಪಾರದ ಲೆಕ್ಕವೂ ಬೇಕು ಎಂದರೆ ‘ಎರಡೂ ಒಟ್ಟಿಗೆ ಎಲ್ಲಿ ಸಿಗತಾವ?’ ಎಂದು ಮಾತು ಮುಗಿಸುತ್ತೇವೆ. ಅವಳು ಕೇಳಿದ್ದು ಸೀರೆಯ ಉದ್ಯೋಗಕ್ಕೆ ಬೇಕಾದ ಎರಡು ವಿದ್ಯೆಗಳನ್ನೇ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಸರ್ಕಾರದ ನೀತಿಗಳೂ ಈ ಗೊಂದಲಕ್ಕೆ ತಮ್ಮ ಪಾಲು ಸೇರಿಸಿವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಪದವಿ ತರಗತಿಗಳಿಗೆ ಬಂದಾಗ ‘ಮೇಜರ್’, ‘ಮೈನರ್’ ಎಂಬ ಮಾತುಗಳು ಹಳ್ಳಿಯ ಮನೆಗಳಿಗೂ ಬಂದವು. ಎರಡು ವರ್ಷ ಎರಡು ವಿಷಯ ಓದಿ, ಮೂರನೆಯ ವರ್ಷ ಒಂದನ್ನು ಪ್ರಧಾನವಾಗಿಯೂ ಇನ್ನೊಂದನ್ನು ಪೂರಕವಾಗಿಯೂ ಇಟ್ಟುಕೊಳ್ಳುವ ಅವಕಾಶ ಅದರಲ್ಲಿತ್ತು. 2024ರಲ್ಲಿ ಪ್ರೊ. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ ರಾಜ್ಯವು ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟಿತು. ಮೂರು ವರ್ಷ, ಮೂರು ವಿಷಯಗಳ ಪದ್ಧತಿ ಮರಳಿತು. ಒಂದೇ ಮನೆಯ ಅಕ್ಕ ಒಂದು ರೀತಿಯಲ್ಲಿ ಓದಿದಳು, ತಮ್ಮ ಇನ್ನೊಂದು ರೀತಿಯಲ್ಲಿ ಓದುತ್ತಿದ್ದಾನೆ. ಹೆಸರು ಏನೇ ಇರಲಿ, ಯಾವುದನ್ನು ಮುಂದಿಡಬೇಕು, ಯಾವುದನ್ನು ಪಕ್ಕದಲ್ಲಿಡಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಇಷ್ಟ ಒಂದನ್ನೇ ನೋಡಿ ಪ್ರಧಾನ ವಿಷಯ ಆರಿಸುವುದು ಸಾಲದು. ಪ್ರತಿ ವಿದ್ಯೆಗೂ ಒಂದು ಬೇಸರದ ಭಾಗವಿದೆ. ನಾಟಕ ನೋಡುವ ಖುಷಿ ಬೇರೆ, ಅದೇ ಸಂಭಾಷಣೆಯನ್ನು ನೂರು ಸಲ ಒಪ್ಪಿಸುವುದು ಬೇರೆ. ಗುಹೆ ನೋಡುವುದು ಬೇರೆ, ಹಳಗನ್ನಡದ ವ್ಯಾಕರಣ ಕಲಿತು ಅಕ್ಷರ ಅಕ್ಷರವಾಗಿ ಶಾಸನ ಬಿಡಿಸುವುದು ಬೇರೆ. ಯಾವ ವಿಷಯದ ಬೇಸರವನ್ನೂ ಸಹಿಸಿ ಮುಂದೆ ಹೋಗಬಲ್ಲೆ ಎನಿಸುತ್ತದೆಯೋ ಅದು ಪ್ರಧಾನವಾಗಲಿ. ಇನ್ನೊಂದು ವ್ಯವಹಾರದ ಮಾತೂ ಇದೆ. ಪ್ರಯೋಗಾಲಯ, ಗುರು ಎರಡೂ ಬೇಕಾದ ವಿಷಯವನ್ನು ಒಮ್ಮೆ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಎಂ.ಎ., ಎಂ.ಎಸ್ಸಿ. ಪ್ರವೇಶಕ್ಕೆ ಸಾಮಾನ್ಯವಾಗಿ ಪದವಿಯಲ್ಲಿ ಆ ವಿಷಯ ಓದಿರಬೇಕೆಂದು ಕೇಳುತ್ತಾರೆ. ಪ್ರೌಢಶಾಲೆಯ ಶಿಕ್ಷಕ ಹುದ್ದೆಗೆ ಭೌತ, ರಸಾಯನ, ಗಣಿತ ಓದಿದವರ ದಾರಿ ಬೇರೆ. ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದವರ ದಾರಿ ಬೇರೆ. ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಾದರೆ ಯಾವ ಪದವಿಯೂ ನಡೆಯುತ್ತದೆ. ಇಷ್ಟನ್ನು ಪ್ರವೇಶದ ಅರ್ಜಿ ತುಂಬುವ ಮೊದಲೇ ಹೇಳುವವರು ಬೇಕು. ಮೂರನೆಯ ವರ್ಷದಲ್ಲಿ ತಿಳಿದರೆ ಪ್ರಯೋಜನವಿಲ್ಲ.

ಪೂರಕ ವಿಷಯ ಎಂದ ಕೂಡಲೇ ಅದು ಕೀಳು ಎಂದು ತಿಳಿಯುವವರಿದ್ದಾರೆ. ನಮ್ಮ ಪಕ್ಕದ ವಿಜಯಪುರದ ಫ.ಗು. ಹಳಕಟ್ಟಿಯವರನ್ನು ನೆನೆಯೋಣ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ವೃತ್ತಿ ವಕೀಲಿ. ಊಟ ಕೊಟ್ಟದ್ದು ಕೋರ್ಟು. ತಾಳೆಗರಿಯ ಕಟ್ಟುಗಳನ್ನು ಹುಡುಕಿ, ಓದಿ, ಪ್ರತಿ ಮಾಡಿದ್ದು ಉಳಿದ ವೇಳೆಯಲ್ಲಿ. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಅವರ ವಕೀಲಿಯ ದಾವೆಗಳು ಇಂದು ಯಾರಿಗೆ ನೆನಪಿವೆ? ಆದರೆ ಸಾಕ್ಷ್ಯಗಳನ್ನು ಜೋಡಿಸಿ, ಪಾಠಗಳನ್ನು ಹೋಲಿಸಿ ನೋಡುವ ಶಿಸ್ತು ಅವರಿಗೆ ಕೋರ್ಟಿನಲ್ಲೂ ಬೇಕಾಗಿತ್ತು, ತಾಳೆಗರಿಯ ಮುಂದೆಯೂ ಬೇಕಾಗಿತ್ತು. ‘ವಕೀಲನಿಗೆ ಹಳೆಯ ಗರಿಗಳೇಕೆ’ ಎಂದು ಯಾರಾದರೂ ಅವರನ್ನು ತಡೆದಿದ್ದರೆ ನಷ್ಟ ಯಾರದು ಎಂಬುದನ್ನು ಓದುಗರೇ ಊಹಿಸಲಿ.

ಇನ್ನು ನಮ್ಮವರ ಕಡೆಗೇ ಒಂದು ಮಾತು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. 1916ರಲ್ಲಿ ಹುಟ್ಟಿದವು. ಈ ಭಾಗದ ಕಾಲೇಜುಗಳಲ್ಲಿ ಎಷ್ಟೋ ಸಮಾಜದ ಕೈಯಲ್ಲಿ, ಮಠಗಳ ಆಶ್ರಯದಲ್ಲಿ ಇವೆ. ಮಗುವಿಗೆ ‘ನಿನ್ನ ಆಸಕ್ತಿ ಆರಿಸಿಕೋ’ ಎಂದು ಉಪದೇಶ ಮಾಡಿ, ಕಾಲೇಜಿನ ಸೂಚನಾ ಫಲಕದಲ್ಲಿ ಎರಡೇ ಜೋಡಣೆ ತೂಗುಹಾಕಿದರೆ ಆ ಉಪದೇಶಕ್ಕೆ ಬೆಲೆಯಿಲ್ಲ. ವಿದ್ಯಾರ್ಥಿಗಳು ಕಡಿಮೆಯಾದರೆಂದು ಐಚ್ಛಿಕ ಕನ್ನಡ, ಇತಿಹಾಸಗಳನ್ನು ಮುಚ್ಚುವುದು ಆಡಳಿತ ಮಂಡಳಿಗೆ ಸುಲಭದ ಲೆಕ್ಕ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಇರುವ ಜಿಲ್ಲೆಯಲ್ಲಿ ಇತಿಹಾಸ ಓದಲು ಮಗು ಧಾರವಾಡಕ್ಕೆ ಹೋಗಬೇಕಾಗಿ ಬಂದರೆ ಅದು ನಾಚಿಕೆಯ ಸಂಗತಿ. ಹುನಗುಂದಕ್ಕೂ ಇಳಕಲ್ಲಿಗೂ ಬಸ್ಸಿನಲ್ಲಿ ಎಷ್ಟು ಹೊತ್ತು? ಇಬ್ಬರು ಅಧ್ಯಾಪಕರನ್ನು ಎರಡು ಕಾಲೇಜುಗಳು ಹಂಚಿಕೊಂಡರೆ ಒಂದು ವಿಷಯ ಉಳಿಯುತ್ತದೆ. ಇತಿಹಾಸದ ಜೊತೆ ಕಂಪ್ಯೂಟರ್, ಅರ್ಥಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ, ಕನ್ನಡದ ಜೊತೆ ಪತ್ರಿಕೋದ್ಯಮ ಜೋಡಿಸಲು ವಿಶ್ವವಿದ್ಯಾಲಯದ ಅನುಮತಿ ಕೇಳಬೇಕು. ಕೊಡದಿದ್ದರೆ ಮತ್ತೆ ಕೇಳಬೇಕು.

ಮಠಗಳಲ್ಲಿ ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿ ನಡೆಯುತ್ತದೆ. ಪ್ರವೇಶ ಶುರುವಾಗುವ ತಿಂಗಳ ಗೋಷ್ಠಿಯನ್ನು ಪೂಜ್ಯರು ಈ ವಿಷಯಕ್ಕೇ ಮೀಸಲಿಡಲಿ. ಸುತ್ತಲಿನ ಕಾಲೇಜುಗಳ ಅಧ್ಯಾಪಕರು ತಮ್ಮಲ್ಲಿ ಯಾವ ವಿಷಯಗಳಿವೆ, ಅವುಗಳಿಂದ ಮುಂದೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂದು ಹೇಳಲಿ. ಅದೇ ಕಾಲೇಜಿನಲ್ಲಿ ಓದಿದ ಒಬ್ಬಿಬ್ಬರು ಹಳೆಯ ವಿದ್ಯಾರ್ಥಿಗಳೂ ಬರಲಿ. ಮಕ್ಕಳು ಮುಂದಿನ ಸಾಲಿನಲ್ಲಿ, ತಂದೆತಾಯಿಗಳು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ಮೊದಲ ಪ್ರಶ್ನೆ ಮಕ್ಕಳದಾಗಿರಲಿ.