ಯುದ್ಧಕ್ಕಿರುವ ದುಡ್ಡು ನೀರಿಗೇಕಿಲ್ಲ?



ಅಮೆರಿಕ 2001ರಿಂದ 2021ರವರೆಗೆ ಅಫ್ಘಾನಿಸ್ತಾನದಲ್ಲಿ ಯುದ್ಧ ಮಾಡಿತು. ಬುಷ್, ಒಬಾಮ, ಟ್ರಂಪ್, ಬೈಡನ್ ಎಂದು ಅಧ್ಯಕ್ಷರು ಬದಲಾದರೂ ಹಣಕ್ಕೆ ಕೊರತೆಯಾಗಲಿಲ್ಲ. ಕೊನೆಗೆ ಕಾಬೂಲ್ ಮತ್ತೆ ತಾಲಿಬಾನ್ ಪಾಲಾಯಿತು. ಈ ನಡುವೆ, 2014ರಲ್ಲಿ ಮಿಚಿಗನ್ ರಾಜ್ಯದ ಫ್ಲಿಂಟ್ ನಗರದ ನಲ್ಲಿಗಳಲ್ಲಿ ಸೀಸ ಬೆರೆತ ನೀರು ಬಂತು. ಅಷ್ಟು ಸಿರಿವಂತ ದೇಶದಲ್ಲಿ ಮಕ್ಕಳು ಅದನ್ನೇ ಕುಡಿದರು!

ಹಿರಿಯೂರು ಸೀಮೆಯವರಿಗೆ ಈ ಸಂಕಟ ಅರ್ಥವಾಗುತ್ತದೆ. ವಾಣಿವಿಲಾಸ ಸಾಗರ ಜಲಾಶಯ ಬತ್ತಿದ ವರ್ಷಗಳಲ್ಲಿ ರೈತರು ಟ್ಯಾಂಕರ್ ನೀರು ಹಾಯಿಸಿ ತೆಂಗು ಉಳಿಸಿಕೊಳ್ಳಲು ಹೆಣಗಿದರು. ಎಷ್ಟೋ ಮರಗಳ ಸುಳಿಯೇ ಒಣಗಿತು.

ನಮ್ಮ ಸೀಮೆಗೂ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಆದರೂ ಆ ಹಣಕ್ಕಾಗಿ ನಮ್ಮ ಜಿಲ್ಲೆಯ ರೈತರು ಬೀದಿಗಿಳಿಯಬೇಕಾಯಿತು. ದೇಶಕ್ಕೆ ರಕ್ಷಣೆ ಬೇಕು, ನಿಜ. ನೀರೂ ಅಷ್ಟೇ ಬೇಕು. ಎಷ್ಟು ಹಣ ಬಿಡುಗಡೆಯಾಗಿದೆ, ಉಳಿದದ್ದು ಯಾವಾಗ ಎಂದು ಸಂಸದರು ಸಂಸತ್ತಿನಲ್ಲಿ ಕೇಳಲಿ.

– ಓದುಗರೊಬ್ಬರು, ಆದಿವಾಲ