ಗೊತ್ತಿಲ್ಲದಿದ್ದರೆ ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟುಬಿಡಿ

ಕಳೆದ ಭಾನುವಾರ ತಿಂಡಿ ಮುಗಿಸಿ ನಮ್ಮ ಬಡಾವಣೆಯ ಲೈಬ್ರರಿಗೆ ಹೋಗಿದ್ದೆ. ಅಮ್ಮ ದೇವೀ ಮಹಾತ್ಮೆಯ ಪುಸ್ತಕ ಬೇಕು ಅಂದಿದ್ದಳು. ಧರ್ಮ ಅಂತ ಚೀಟಿ ಅಂಟಿಸಿದ ಕಪಾಟಿನ ಮುಂದೆ ಕತ್ತು ಓರೆ ಮಾಡಿಕೊಂಡು ಒಂದೊಂದೇ ಬೆನ್ನು ಓದುತ್ತಾ ಹೋದರೆ, ಶಿವಪುರಾಣಕ್ಕೂ ಯಾವುದೋ ಕ್ಷೇತ್ರದ ಚರಿತ್ರೆಗೂ ನಡುವೆ ತೇಜಸ್ವಿಯವರ 'ಚಿದಂಬರ ರಹಸ್ಯ' ಬಹಳ ಭಕ್ತಿಯಿಂದ ಕೂತಿತ್ತು!

ನಗು ಬಂತು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಅದು. ಏಲಕ್ಕಿ, ಕಾಡು, ಒಂದು ಅನುಮಾನದ ಸಾವು ಅಂತ ಸಾಗುವ ಕಥೆ. ಯಾರೋ ಹೆಸರು ನೋಡಿ, ಪಾಪ, ನಟರಾಜನ ದೇವಸ್ಥಾನದ ವಿಚಾರ ಇರಬೇಕು ಅಂದುಕೊಂಡು ಇಲ್ಲಿ ತಂದಿಟ್ಟಿದ್ದಾರೆ. ಇದೇನು ಮೊದಲಲ್ಲ. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಉಪನಯನ, ವಿವಾಹ ವಿಧಿಗಳ ಪಕ್ಕದಲ್ಲಿ ನೋಡಿದ್ದೇನೆ. ಕಾರಂತರ 'ಮೂಕಜ್ಜಿಯ ಕನಸುಗಳು' ಒಮ್ಮೆ ಮನಶ್ಶಾಸ್ತ್ರದ ಸಾಲಿನಲ್ಲಿ ಸಿಕ್ಕಿತ್ತು. ಭೈರಪ್ಪನವರ 'ಪರ್ವ' ಮಹಾಭಾರತದ ಸಂಪುಟಗಳ ಜೊತೆ ಸೇರಿಕೊಂಡಿದ್ದನ್ನಂತೂ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೀವೂ ನೋಡಿರುತ್ತೀರಿ.

ನಕ್ಕು ಮುಗಿದ ಮೇಲೆ ಸ್ವಲ್ಪ ಕಸಿವಿಸಿಯಾಯಿತು. ಆ ಪುಸ್ತಕ ಎಷ್ಟು ದಿನದಿಂದ ಅಲ್ಲಿತ್ತೋ ಏನೋ. ಕಾದಂಬರಿ ಹುಡುಕುವವನು ಧರ್ಮದ ಕಪಾಟಿಗೆ ಬರುವುದಿಲ್ಲ. ಧರ್ಮದ ಕಪಾಟಿಗೆ ಬಂದವರಿಗೆ ಅದು ಬೇಕಿಲ್ಲ. ಕಟ್ಟಡದೊಳಗೇ ಇದ್ದರೂ ಅದು ಯಾರ ಪಾಲಿಗೂ ಇಲ್ಲ. ಕದ್ದುಕೊಂಡು ಹೋದ ಪುಸ್ತಕವನ್ನಾದರೂ ಒಬ್ಬ ಕಳ್ಳ ಓದುತ್ತಾನೆ, ಇದನ್ನು ಓದುವವರು ಒಬ್ಬರೂ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಲೈಬ್ರರಿಯಲ್ಲಿ ಪುಸ್ತಕ ತೆಗೆದು ನೋಡಿದ ಮೇಲೆ, ಅದರ ಜಾಗ ಖಚಿತವಾಗಿ ಗೊತ್ತಿಲ್ಲದಿದ್ದರೆ ದಯವಿಟ್ಟು ಕಪಾಟಿಗೆ ವಾಪಸ್ ತುರುಕಬೇಡಿ. ಮೇಜಿನ ಮೇಲೇ ಬಿಟ್ಟುಬಿಡಿ. ತೆಗೆದದ್ದನ್ನು ತೆಗೆದ ಜಾಗದಲ್ಲಿಡು ಅಂತ ಮನೆಯಲ್ಲಿ ಹೇಳಿಸಿಕೊಂಡು ಬೆಳೆದವರು ನಾವು, ಹಾಗಾಗಿ ಇದು ಸೋಮಾರಿತನದ ಉಪದೇಶ ಅನ್ನಿಸಬಹುದು. ಆದರೆ ನನ್ನ ಅನುಭವದಲ್ಲಿ ಲೈಬ್ರರಿಯನ್ನು ಹಾಳುಗೆಡವುವುದು ಸೋಮಾರಿಗಳಿಗಿಂತ ಹೆಚ್ಚಾಗಿ ಒಳ್ಳೆಯವರೇ. ಸೋಮಾರಿ ಮೇಜಿನ ಮೇಲೆ ಬಿಟ್ಟು ಹೋಗುತ್ತಾನೆ, ಅಟೆಂಡರ್ ಬಂದು ನಂಬರ್ ನೋಡಿ ಇಡುತ್ತಾನೆ. ಒಳ್ಳೆಯವನು "ಪಾಪ ಅವರಿಗ್ಯಾಕೆ ತೊಂದರೆ" ಅಂತ ತಾನೇ ಎದ್ದು, ಸಂದಿ ಕಂಡಲ್ಲಿ ಚೊಕ್ಕವಾಗಿ ಜೋಡಿಸಿ ಹೋಗುತ್ತಾನೆ. ಅದು ಎಷ್ಟು ಚೊಕ್ಕವಾಗಿರುತ್ತದೆಂದರೆ ತಪ್ಪಾಗಿದೆ ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ.

ಪುಸ್ತಕದ ಬೆನ್ನಿನ ಕೆಳಗೆ ಒಂದು ಚೀಟಿ ಇರುತ್ತದಲ್ಲ, ಅದನ್ನು ಬಹಳ ಜನ ಅಂಗಡಿ ಬೆಲೆಚೀಟಿಯ ಹಾಗೆ ನೋಡಿ ಸುಮ್ಮನಾಗುತ್ತಾರೆ. ಅದು ಪುಸ್ತಕದ ಮನೆ ವಿಳಾಸ. ನಮ್ಮ ಬಹಳಷ್ಟು ಲೈಬ್ರರಿಗಳಲ್ಲಿ ಇರುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನು ಮತ್ತೆ ಹತ್ತು ಹತ್ತು ಸೀಳುತ್ತಾ ಹೋಗುವುದು. ಕಾನೂನಿಗೆ 340, ಹಕ್ಕಿಗಳಿಗೆ 598, ಅಡುಗೆಗೆ 641.5. ಕನ್ನಡ ಸಾಹಿತ್ಯಕ್ಕೆ 894.814. ಅದರ ಮುಂದೆ 1 ಬಂದರೆ ಕಾವ್ಯ, 2 ಬಂದರೆ ನಾಟಕ, 3 ಬಂದರೆ ಕಥೆ ಕಾದಂಬರಿ. 'ಚಿದಂಬರ ರಹಸ್ಯ'ದ ಬೆನ್ನಿನ ಮೇಲೂ 894.8143 ಅಂತ ಸ್ಪಷ್ಟವಾಗಿ ಬರೆದಿತ್ತು. ಅದರ ಎಡಬಲದಲ್ಲಿ ಇದ್ದದ್ದೆಲ್ಲ 294. ಇಟ್ಟವರು ಹೆಸರು ಓದಿದರು, ನಂಬರ್ ಓದಲಿಲ್ಲ.

ನಂಬರ್ ಓದುವವರೂ ಎಡವುವ ಒಂದು ಜಾಗ ಇದೆ. ರಾಮಾಯಣ 294.5922, ಮಹಾಭಾರತ 294.5923, ಸಿಖ್ ಧರ್ಮ 294.6. ಈಗ ಹೇಳಿ, ಮಹಾಭಾರತ ಮೊದಲೋ, ಸಿಖ್ ಧರ್ಮ ಮೊದಲೋ? ಐದು ಸಾವಿರದ ಒಂಬೈನೂರಕ್ಕಿಂತ ಆರು ಚಿಕ್ಕದು ಅಂತ ಸಿಖ್ ಗುರುಗಳನ್ನು ತಂದು ಮಹಾಭಾರತಕ್ಕಿಂತ ಮುಂದೆ ಇಡುವವರು ಇದ್ದಾರೆ. ಚುಕ್ಕಿಯ ನಂತರ ಒಂದೊಂದೇ ಅಂಕಿ ಹೋಲಿಸಬೇಕು. ಐದು ಮೊದಲು, ಆರು ಆಮೇಲೆ, ಐದರ ಹಿಂದೆ ಎಷ್ಟು ದೊಡ್ಡ ಬಾಲ ಇದ್ದರೂ ಅಷ್ಟೇ. ಏಳನೇ ಕ್ಲಾಸಿನ ಗಣಿತ, ಆದರೆ ಕಪಾಟಿನ ಮುಂದೆ ನಿಂತಾಗ ಮರೆತುಹೋಗುತ್ತದೆ. ನನಗೂ ಮರೆತದ್ದುಂಟು.

ಇಷ್ಟು ನೀತಿ ಹೇಳುವ ಯೋಗ್ಯತೆ ನನಗಿದೆಯಾ ಅಂತ ಕೇಳಿದರೆ, ಇಲ್ಲ. ಅದನ್ನು ಹೇಳಿಬಿಡುತ್ತೇನೆ.

ಪಿಯುಸಿ ಓದುವಾಗ ನಮ್ಮದು ಮಲೆನಾಡಿನ ಒಂದು ತಾಲೂಕು ಊರು. ಅಲ್ಲಿನ ಲೈಬ್ರರಿಯಲ್ಲಿ ಸಲೀಂ ಅಲಿಯವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಒಂದೇ ಒಂದು ಪ್ರತಿ ಇತ್ತು. 1941ರಲ್ಲಿ ಮೊದಲು ಬಂದ ಪುಸ್ತಕ, ನಮ್ಮಲ್ಲಿದ್ದದ್ದು ಯಾವುದೋ ನಂತರದ ಮುದ್ರಣ, ಬಣ್ಣದ ಪಟಗಳಿದ್ದವು. ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ನೋಡಬೇಕು. ನನಗೆ ಆಗ ತಾನೇ ಹಕ್ಕಿ ಹುಚ್ಚು ಹತ್ತಿತ್ತು. ಬೆಳಿಗ್ಗೆ ತೋಟದಲ್ಲಿ ನೋಡಿದ್ದನ್ನು ಸಂಜೆ ಪುಸ್ತಕದಲ್ಲಿ ಹುಡುಕುವುದು. ಆದರೆ ನಾನು ಹೋಗುವ ಹೊತ್ತಿಗೆ ಬೇರೆ ಯಾರಾದರೂ ಹಿಡಿದುಕೊಂಡು ಕೂತಿರುತ್ತಿದ್ದರು. ಅದಕ್ಕೆ ಒಂದು ದಿನ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅದನ್ನು ಒಯ್ದು ಕಾನೂನಿನ ಕಪಾಟಿನಲ್ಲಿ, ಭೂಸುಧಾರಣೆ ಕಾಯ್ದೆಯ ದಪ್ಪ ಪುಸ್ತಕಗಳ ಹಿಂದೆ ಅಡ್ಡ ಮಲಗಿಸಿಬಿಟ್ಟೆ. ಆಮೇಲೆ ಯಾವಾಗ ಹೋದರೂ ನನಗೆ ಸಿಗುತ್ತಿತ್ತು. ಬಹಳ ಬುದ್ಧಿವಂತ ಅಂದುಕೊಂಡಿದ್ದೆ.

ಸಂತೆಯ ದಿನ ಒಬ್ಬ ಹುಡುಗ ಬರುತ್ತಿದ್ದ. ನನಗಿಂತ ಚಿಕ್ಕವನು, ಹೈಸ್ಕೂಲು ಇರಬಹುದು. ಅಪ್ಪನ ಜೊತೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಅಪ್ಪ ಸಂತೆ ಮುಗಿಸುವವರೆಗೆ ಇಲ್ಲಿ ಕೂರುತ್ತಿದ್ದ. ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಹಕ್ಕಿ ಚಿತ್ರ ಬರೆದುಕೊಳ್ಳುತ್ತಿದ್ದ. ನಾನು ಪುಸ್ತಕ ಅಡಗಿಸಿದ ಮೊದಲ ವಾರ ಅವನು ಹುಡುಕಿ ಸುಮ್ಮನೆ ಹೋದ. ಎರಡನೇ ವಾರ ಲೈಬ್ರೇರಿಯನ್ ಹತ್ತಿರ ಹೋಗಿ ನಿಂತ.

"ಸಾರ್, ಆ ಹಕ್ಕಿ ಪುಸ್ತಕ ಇಲ್ವಾ?"

"ಹೊರಗೆ ಕೊಡೋ ಪುಸ್ತಕ ಅಲ್ಲ ಕಣೋ ಅದು. ಒಳಗೇ ಎಲ್ಲೋ ಇದೆ, ನೋಡು."

"ನೋಡ್ದೆ ಸಾರ್. ನಮ್ ಗದ್ದೆ ಹತ್ರ ಒಂದು ಬಂದಿದೆ. ಮೈಯೆಲ್ಲ ಬಿಳಿ, ತಲೆ ಕಪ್ಪು, ಬಾಲದಲ್ಲಿ ರಿಬ್ಬನ್ ಥರ ಎರಡು ಉದ್ದ ಗರಿ. ಹೆಸರು ಗೊತ್ತಾಗ್ಬೇಕಿತ್ತು."

ನಾನು ಪಕ್ಕದ ಮೇಜಿನಲ್ಲೇ ಪೇಪರ್ ಹಿಡಿದು ಕೂತಿದ್ದೆ. ಅದು ಪ್ಯಾರಡೈಸ್ ಫ್ಲೈಕ್ಯಾಚರ್, ಗಂಡು ಹಕ್ಕಿ. ನನಗೆ ಗೊತ್ತಿತ್ತು. ಅದರ ಪಟ ಯಾವ ಪುಟದಲ್ಲಿದೆ ಅನ್ನುವುದೂ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಿನಗೆ ಹೇಗೆ ಗೊತ್ತು, ಪುಸ್ತಕ ಎಲ್ಲಿ ನೋಡಿದೆ ಅಂತ ಕೇಳುತ್ತಾರೆ ಅನ್ನುವ ಭಯ. ಹೆಸರನ್ನಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಆ ಹುಡುಗ ಇನ್ನೊಂದು ಸುತ್ತು ಎಲ್ಲಾ ಕಪಾಟು ನೋಡಿದ. ಕಾನೂನಿನ ಕಪಾಟಿನ ಮುಂದೆ ಮಾತ್ರ ನಿಲ್ಲಲಿಲ್ಲ, ಯಾಕೆ ನಿಲ್ಲುತ್ತಾನೆ?

ಪರೀಕ್ಷೆ ಬಂತು, ತಿಂಗಳು ಒಂದೂವರೆ ನಾನು ಆ ಕಡೆ ಹೋಗಲಿಲ್ಲ. ಮುಗಿದ ಮೇಲೆ, ತೆಗೆದು ಸರಿಯಾದ ಜಾಗದಲ್ಲಿ ಇಟ್ಟುಬಿಡೋಣ ಅಂತ ನಿಜವಾಗಿಯೂ ತೀರ್ಮಾನಿಸಿಕೊಂಡು ಹೋದೆ. ಕಾಯ್ದೆ ಪುಸ್ತಕಗಳ ಹಿಂದೆ ಕೈ ಹಾಕಿದರೆ ಬರೀ ಧೂಳು. ಯಾರೋ ಒಬ್ಬ ಒಳ್ಳೆಯ ಮನುಷ್ಯ ಅದನ್ನು ಕಂಡು, ಇಲ್ಲಿ ಯಾಕೆ ಬಿದ್ದಿದೆ ಅಂತ ಎತ್ತಿ, ತನಗೆ ಸರಿ ಕಂಡ ಕಡೆ ಇಟ್ಟಿರಬೇಕು. 598ರಲ್ಲಿ ಇರಲಿಲ್ಲ. ಕೃಷಿ, ಕೋಳಿ ಸಾಕಣೆ, ಮಕ್ಕಳ ಪುಸ್ತಕ, ಇಂಗ್ಲಿಷ್ ಕಾದಂಬರಿ, ಎಲ್ಲಾ ಕಡೆ ನೋಡಿದೆ. ಡಿಗ್ರಿಗೆ ಅಂತ ಊರು ಬಿಡುವವರೆಗೂ ಸಿಗಲಿಲ್ಲ. ಆ ಹುಡುಗ ಆಮೇಲೆ ಬರುತ್ತಿದ್ದನೋ ಇಲ್ಲವೋ, ನಾನು ಸಂತೆಯ ದಿನ ಲೈಬ್ರರಿಗೆ ಹೋಗುವುದನ್ನೇ ಬಿಟ್ಟಿದ್ದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಇವತ್ತಿಗೂ ಇದನ್ನೇ ಮಾಡುತ್ತಾರೆ. ಸಾಮಾನ್ಯ ಜ್ಞಾನದ ಹೊಸ ಪುಸ್ತಕ ಬಂದ ಮರುದಿನವೇ ತೋಟಗಾರಿಕೆಯ ಹಿಂದೆ ಹೋಗಿರುತ್ತದೆ. ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಪಕ್ಕದಲ್ಲಿ ಕೂತವನೂ ಅದೇ ಪರೀಕ್ಷೆ ಬರೆಯುತ್ತಿದ್ದಾನೆ, ಅವನಿಗೂ ಕೊಳ್ಳಲು ದುಡ್ಡಿಲ್ಲದ್ದಕ್ಕೇ ಇಲ್ಲಿಗೆ ಬಂದಿದ್ದಾನೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಜಾತಿಯವರಿದ್ದಾರೆ, ಅವರು ಸ್ವಲ್ಪ ಹೆಚ್ಚು ಓದಿಕೊಂಡವರು. ವರ್ಗೀಕರಣವೇ ತಪ್ಪು ಅನ್ನುವವರು. ಅವರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಡ್ಯೂಯಿ ಧರ್ಮಕ್ಕೆ ಅಂತ 200ರಿಂದ 299ರವರೆಗೆ ಜಾಗ ಕೊಟ್ಟು, ಅದರಲ್ಲಿ ಬಹುಪಾಲು ಕ್ರೈಸ್ತ ಧರ್ಮಕ್ಕೇ ತುಂಬಿಸಿ, ಜಗತ್ತಿನ ಉಳಿದ ಧರ್ಮಗಳನ್ನೆಲ್ಲ 290ರ ಕೊಟ್ಟಿಗೆಗೆ ನೂಕಿದ. ಇಂಗ್ಲಿಷ್ ಸಾಹಿತ್ಯಕ್ಕೆ ಸಲೀಸಾಗಿ 820, ಸಾವಿರ ವರ್ಷ ಮೀರಿದ ಕನ್ನಡಕ್ಕೆ ಚುಕ್ಕಿ ದಾಟಿ ಮೂರು ಅಂಕಿ. ಯಕ್ಷಗಾನ ಪ್ರಸಂಗದ ಪುಸ್ತಕ ನಾಟಕ ಸಾಹಿತ್ಯವೋ, ರಂಗಕಲೆಯೋ, ಜಾನಪದವೋ? ಡಿವಿಜಿಯವರ 'ಜ್ಞಾಪಕ ಚಿತ್ರಶಾಲೆ' ಜೀವನಚರಿತ್ರೆಯ ಕಡೆಯೋ, ಸಾಹಿತ್ಯದ ಕಡೆಯೋ? ತೇಜಸ್ವಿಯವರ 'ಪರಿಸರದ ಕಥೆ'ಯನ್ನು ಪರಿಸರ ಅಂತೀರೋ, ಕಥೆ ಅಂತೀರೋ? ಸಂಜೆಯವರೆಗೆ ಜಗಳ ಆಡಬಹುದು, ಆಡಬೇಕು ಕೂಡ. ಆದರೆ ಆ ಜಗಳ ಲೈಬ್ರೇರಿಯನ್ ಹತ್ತಿರ ಆಡಿ, ಕಪಾಟಿನ ಹತ್ತಿರ ಬೇಡ. 'ಪರಿಸರದ ಕಥೆ' ನಿಮ್ಮ ಪ್ರಕಾರ ವಿಜ್ಞಾನವೇ ಇರಬಹುದು. ನೀವು ಒಬ್ಬರೇ ಅದನ್ನು ಎತ್ತಿಕೊಂಡು ಹೋಗಿ ಅಲ್ಲಿಟ್ಟರೆ ನಿಮ್ಮ ಅಭಿಪ್ರಾಯ ನಿಮ್ಮ ತಲೆಯಲ್ಲಿರುತ್ತದೆ, ಕೇಟಲಾಗು ಹಳೇ ವಿಳಾಸವನ್ನೇ ಹೇಳುತ್ತಿರುತ್ತದೆ. ಮನೆಯ ಕಪಾಟಿನಲ್ಲಿ ಬೇಕಾದರೆ ಬಣ್ಣದ ಪ್ರಕಾರ ಜೋಡಿಸಿಕೊಳ್ಳಿ, ಯಾರೂ ಕೇಳುವುದಿಲ್ಲ :)

ಈ ಜಗಳವನ್ನು ಸರಿಯಾದ ಕಡೆ ಆಡಿದವರು ಎಸ್. ಆರ್. ರಂಗನಾಥನ್. ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. ಡ್ಯೂಯಿ ಪದ್ಧತಿ ಸಾಲದು ಅನ್ನಿಸಿದಾಗ ಗೊಣಗುತ್ತಾ ಕೂರದೆ ತಮ್ಮದೇ ಕೋಲನ್ ಪದ್ಧತಿಯನ್ನು ರೂಪಿಸಿ 1933ರಲ್ಲಿ ಪ್ರಕಟಿಸಿದರು. ಕೊನೆಯ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದರು. ಇಲ್ಲಿ 1962ರಲ್ಲಿ ಲೈಬ್ರರಿ ವಿಜ್ಞಾನಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಶುರು ಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಅಂತ ಆಚರಿಸುವುದು ಅವರ ನೆನಪಿಗೇ. ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವುದರ ಬಗ್ಗೆ. ಅದನ್ನು ಓದಿದಾಗಲೆಲ್ಲ ನನಗೆ ಸಂತೆ ಮುಗಿಯುವುದರೊಳಗೆ ಬಸ್ ಹಿಡಿಯಬೇಕಾದ ಆ ಹುಡುಗನೇ ನೆನಪಾಗುತ್ತಾನೆ.

ರಂಗನಾಥನ್ ಪಟ್ಟು ಹಿಡಿದ ಇನ್ನೊಂದು ವಿಷಯ, ಕಪಾಟುಗಳು ತೆರೆದಿರಬೇಕು ಅನ್ನುವುದು. ಓದುಗರು ತಾವೇ ಒಳಗೆ ಹೋಗಿ ಮುಟ್ಟಿ ತಿರುವಿ ಆರಿಸಿಕೊಳ್ಳಬೇಕು, ಚೀಟಿ ಬರೆದುಕೊಟ್ಟು ಕಿಟಕಿಯ ಮುಂದೆ ಕಾಯಬಾರದು. ಈಗಲೂ ಚೀಟಿ ಕೊಟ್ಟು ಕಾಯಬೇಕಾದ ಲೈಬ್ರರಿಗಳಿವೆ, ಅಲ್ಲಿ ಪುಸ್ತಕ ಜಾಗ ತಪ್ಪುವುದು ಕಡಿಮೆ. ಆದರೆ ಅಲ್ಲಿ ಹೋದಾಗ ಬೇಕಾದ ಪುಸ್ತಕದ ಪಕ್ಕದಲ್ಲಿರುವ, ಬೇಕು ಅಂತ ಗೊತ್ತೇ ಇಲ್ಲದ ಪುಸ್ತಕ ಸಿಗುವುದಿಲ್ಲ. ನನಗೆ ಜೀವನದಲ್ಲಿ ಸಿಕ್ಕ ಒಳ್ಳೆಯ ಪುಸ್ತಕಗಳೆಲ್ಲ ಹಾಗೆ ಪಕ್ಕದಲ್ಲೇ ಸಿಕ್ಕವು. ಕಪಾಟಿಗೆ ಬೀಗ ಬಿದ್ದರೆ ನನಗಂತೂ ನಷ್ಟ.

ಒಂದು ಮಾತು ಒಪ್ಪಿಕೊಳ್ಳಬೇಕು. ಮೇಜಿನ ಮೇಲೆ ಬಿಡಿ ಅಂತ ನಾನು ಸುಲಭವಾಗಿ ಹೇಳಿಬಿಟ್ಟೆ. ಎತ್ತಿಡುವವರು ಇರಬೇಕಲ್ಲ? ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಇರುವುದು ಇಬ್ಬರು, ಅದರಲ್ಲಿ ಒಬ್ಬರು ಯಾವಾಗಲೂ ಬೇರೆ ಶಾಖೆಯ ಕೆಲಸದ ಮೇಲೆ. ಶನಿವಾರ ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಗುಡ್ಡ ಆಗಿರುತ್ತದೆ. ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ರಸೀದಿ ತೆಗೆದು ನೋಡಿ. ಆ ದುಡ್ಡಿಗೆ ಇನ್ನೊಬ್ಬ ಅಟೆಂಡರನ್ನು ಕೇಳುವುದು ನಮ್ಮ ಹಕ್ಕು. ಅಲ್ಲಿಯವರೆಗೆ ಗುಡ್ಡವೇ ವಾಸಿ. ಗುಡ್ಡದಲ್ಲಿರುವುದು ಕಣ್ಣಿಗೆ ಕಾಣುತ್ತದೆ.

ಮೊನ್ನೆಯ ಭಾನುವಾರಕ್ಕೆ ಬರುತ್ತೇನೆ. 'ಚಿದಂಬರ ರಹಸ್ಯ'ವನ್ನು ನಾನೇ ಕಾದಂಬರಿ ಸಾಲಿಗೆ ಒಯ್ಯಬಹುದಿತ್ತು, ನಂಬರ್ ಓದಲು ಬರುತ್ತದೆ. ಆದರೂ ಕೌಂಟರಿಗೆ ತಂದೆ.

"ಮೇಡಂ, ಇದು ಧರ್ಮದ ಕಪಾಟಿನಲ್ಲಿತ್ತು."

"ಅಯ್ಯೋ, ಅಲ್ಲಿತ್ತಾ? ಸ್ಟಾಕ್ ನೋಡೋವಾಗ ಸಿಗ್ಲೇ ಇಲ್ಲ ಅಂತ ಬರೆದುಬಿಟ್ಟಿದ್ವಿ ಸಾರ್."

ಅವರು ಉದ್ದನೆಯ ರಿಜಿಸ್ಟರ್ ತೆಗೆದು, ಬೆರಳು ಓಡಿಸಿ, ಕೆಂಪು ಇಂಕಿನಲ್ಲಿ ಬರೆದಿದ್ದ ಒಂದು ಸಾಲನ್ನು ಹೊಡೆದುಹಾಕಿದರು. ಅದೇ ಪುಟದಲ್ಲಿ ಇನ್ನೂ ಹನ್ನೊಂದು ಕೆಂಪು ಸಾಲುಗಳಿದ್ದವು. ತಲೆಕೆಳಗಾಗಿಯೇ ಎಣಿಸಿದೆ. ಅಮ್ಮ ಕೇಳಿದ ಪುಸ್ತಕ ಆ ಹನ್ನೊಂದರಲ್ಲಿ ಇರಲಿಲ್ಲ, ಯಾರೂ ಮನೆಗೆ ಒಯ್ದೂ ಇಲ್ಲವಂತೆ.

"ಒಳಗೇ ಎಲ್ಲೋ ಇರುತ್ತೆ ಸಾರ್, ನೋಡಿ" ಅಂದರು.