ಲೋಗೋದ ಹಿಂದಿನ ಬಿಳಿ ಚೌಕ

ಕಳೆದ ನವೆಂಬರಿನಲ್ಲಿ ನಮ್ಮ ಉಪನಗರದ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋಗಿದ್ದೆ. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್. ಮೇಲರ್ಧ ಹಳದಿ, ಕೆಳಗರ್ಧ ಕೆಂಪು. ಹಳದಿಯ ಮೇಲೆ ಎಡಕ್ಕೆ ಸಂಘದ ಲೋಗೋ, ಅದರ ಸುತ್ತ ಒಂದು ಬಿಳಿ ಚೌಕ. ಹೊಸ ಅಂಗಿಗೆ ಹಳೇ ಬಟ್ಟೆಯ ತೇಪೆ ಹಾಕಿದ ಹಾಗೆ. ಬಲಕ್ಕೆ ತಾಯಿ ಭುವನೇಶ್ವರಿ. ಅವಳ ಹಿಂದೆ ಬಿಳಿ ಕೂಡ ಅಲ್ಲ, ಬೂದು-ಬಿಳಿ ಚೌಕುಳಿ! ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಅಮ್ಮನ ಹಿಂದೆ ಬಾತ್‌ರೂಮಿನ ಟೈಲ್ಸ್ ಯಾಕ್ರೀ ಹಾಕಿದ್ದಾರೆ?" ಅಂತ ಕೇಳಿದರು. ನಗು ತಡೆಯಲಾಗಲಿಲ್ಲ. ಆದರೆ ಮನೆಗೆ ಬರುವಾಗ ಲೋಕಲಿನಲ್ಲಿ ಕೂತು ಯೋಚಿಸಿದರೆ ನಗುವ ವಿಷಯ ಅಲ್ಲ ಅನ್ನಿಸಿತು.

ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಬೈದದ್ದು ಫ್ಲೆಕ್ಸ್ ಅಂಗಡಿಯ ಹುಡುಗನನ್ನು. ಅವನಿಗೆ ಕನ್ನಡ ಬರುವುದಿಲ್ಲ, ಪಾಪ. "ಸಾಬ್, ವಾಟ್ಸಾಪ್ ಪೇ ಜೋ ಆಯಾ, ವೋಹಿ ಲಗಾಯಾ" ಅಂದ. ಅವನು ಹೇಳಿದ್ದು ನೂರಕ್ಕೆ ನೂರು ನಿಜ.

ನಾನು ಬಿಕಾಂ ಮನುಷ್ಯ, ಕಂಪ್ಯೂಟರ್ ಪಂಡಿತನಲ್ಲ. ಹಾಗಾಗಿ ನನ್ನ ಭಾಷೆಯಲ್ಲೇ ಹೇಳುತ್ತೇನೆ. ಚಿತ್ರ ಅಂದರೆ ಚುಕ್ಕೆಗಳ ಒಂದು ಲೆಡ್ಜರ್. ಜೆಪೆಗ್ ಕಡತದಲ್ಲಿ ಪ್ರತಿ ಚುಕ್ಕೆಗೂ ಬಣ್ಣದ ಕಾಲಂ ಮಾತ್ರ ಇರುತ್ತದೆ. "ಇಲ್ಲಿ ಏನೂ ಇಲ್ಲ, ಹಿಂದಿನದು ಕಾಣಲಿ" ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಪಾರದರ್ಶಕ ಚಿತ್ರವನ್ನು ಜೆಪೆಗ್ ಮಾಡಿದರೆ ತಂತ್ರಾಂಶ ಆ ಖಾಲಿ ಜಾಗಕ್ಕೆ ಏನಾದರೂ ತುಂಬಲೇಬೇಕು, ಸಾಮಾನ್ಯವಾಗಿ ಬಿಳಿ, ಕೆಲವೊಮ್ಮೆ ಕಪ್ಪು. ಪಿಎನ್‌ಜಿಯಲ್ಲಿ ಇನ್ನೊಂದು ಕಾಲಂ ಉಂಟು: ಈ ಚುಕ್ಕೆ ಎಷ್ಟು ಕಾಣಬೇಕು? ಸೊನ್ನೆಯಿಂದ 255ರವರೆಗೆ ಯಾವ ಅಂಕಿಯನ್ನಾದರೂ ಹಾಕಬಹುದು. ಪೂರ್ತಿ, ಅರ್ಧ, ಕಾಲು, ಎಲ್ಲ ಸಾಧ್ಯ.

ಇವೆರಡಕ್ಕಿಂತ ಹಳೆಯದು ಗಿಫ್. ಕಂಪ್ಯೂಸರ್ವ್ ಕಂಪನಿ 1987ರಲ್ಲಿ ತಂದದ್ದು; ಪಾರದರ್ಶಕತೆ ಬಂದದ್ದು 1989ರ ಆವೃತ್ತಿಯಲ್ಲಿ. ಆದರೆ ಅದರಲ್ಲಿ 256 ಬಣ್ಣಗಳ ಪೈಕಿ ಒಂದನ್ನು "ಇದು ಕಾಣಬೇಡ" ಎಂದು ಗುರುತು ಹಾಕುವುದಷ್ಟೇ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮ ಲಿಪಿಯೋ ಗುಂಡಗೆ. ಗಿಫ್‌ನಲ್ಲಿ ಅಕ್ಷರದ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಆಮೇಲೆ ಗಿಫ್‌ನ ಸಂಕೋಚನ ವಿಧಾನಕ್ಕೆ ಪೇಟೆಂಟ್ ಶುಲ್ಕದ ಜಗಳ ಎದ್ದಿತು, ಬೇಸತ್ತವರು ಸೇರಿ ಪಿಎನ್‌ಜಿ ಮಾಡಿದರು, 1996ರಲ್ಲಿ. ಆದರೂ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಅದನ್ನು ಸರಿಯಾಗಿ ತೋರಿಸುತ್ತಿರಲಿಲ್ಲ, ಲೋಗೋದ ಹಿಂದೆ ಬೂದು ಬಣ್ಣ ಬರುತ್ತಿತ್ತು. ಸರಿಹೋದದ್ದು 2006ರ ಏಳನೇ ಆವೃತ್ತಿಯಲ್ಲಿ. ಇದು ಹಳೇ ಕಥೆ, ಇರಲಿ.

ಈಗ ನಮ್ಮ ಫ್ಲೆಕ್ಸಿಗೆ ಬರೋಣ. ಕಾರ್ಯದರ್ಶಿಗಳ ಹತ್ತಿರ ಪಿಎನ್‌ಜಿಯೇ ಇತ್ತು. ಅವರು ಅದನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರು. ಅದು ದಾರಿಯಲ್ಲೇ ಜೆಪೆಗ್ ಆಯಿತು. ಡಾಕ್ಯುಮೆಂಟ್ ಅಂತ ಕಳಿಸಿದ್ದರೆ ಇದ್ದದ್ದು ಇದ್ದ ಹಾಗೇ ತಲುಪುತ್ತಿತ್ತು. ಇನ್ನು ಭುವನೇಶ್ವರಿಯ ಹಿಂದಿನ ಟೈಲ್ಸ್? ಖಾಲಿ ಜಾಗವನ್ನು ತೋರಿಸಲು ತಂತ್ರಾಂಶಗಳು ಪರದೆಯ ಮೇಲೆ ಆ ಚೌಕುಳಿ ಹಾಕುತ್ತವೆ. ಅದು ಚಿತ್ರದ ಭಾಗವಲ್ಲ, ಬರೀ ಸಂಕೇತ. ಯಾರೋ ಪುಣ್ಯಾತ್ಮರು ಅದರ ಸ್ಕ್ರೀನ್‌ಶಾಟ್ ತೆಗೆದು ಅಂತರ್ಜಾಲಕ್ಕೆ ಏರಿಸಿರಬೇಕು, ನಮ್ಮವರು ಇಳಿಸಿಕೊಂಡರು. ಸಂಕೇತವೇ ಚಿತ್ರವಾಗಿ ಅಚ್ಚಾಯಿತು.

"ಈಗ ಒಂದು ಬಟನ್ ಒತ್ತಿದರೆ ಬ್ಯಾಕ್‌ಗ್ರೌಂಡ್ ಹೋಗುತ್ತೆ ಅಂಕಲ್" ಅಂತ ಸಮಿತಿಯ ಒಬ್ಬ ಹುಡುಗ ಅಂದ. ಹೋಗುತ್ತೆ, ಒಪ್ಪಿದೆ. ಮಾಡಿಯೂ ನೋಡಿದೆವು. 'ಠ'ದ ಹೊಟ್ಟೆಯೊಳಗಿನ ಬಿಳಿ ಹಾಗೇ ಉಳಿಯಿತು, ಒತ್ತಕ್ಷರದ ತೆಳ್ಳನೆ ಬಾಲ ಮಾತ್ರ ಮಾಯ! ಆ ಬಟನ್ ಮನುಷ್ಯರ ಮುಖಕ್ಕೆ ಸರಿ ಇರಬಹುದು. ನಮ್ಮ ಅಕ್ಷರದಲ್ಲಿ ಯಾವುದು ಮುಖ್ಯ, ಯಾವುದು ಕಸ ಅಂತ ಅದಕ್ಕೇನು ಗೊತ್ತು?

ನನಗೆ ಬೇಸರವಾದದ್ದು ಬೇರೆಯದಕ್ಕೆ. ಆ ಲೋಗೋ ಬರೆದವರು ನಮ್ಮ ಸಂಘದ ಸದಸ್ಯರೇ, ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಇಂಡಿಯನ್ ಇಂಕಿನಲ್ಲಿ ಕೈಯಾರೆ ಬರೆದಿದ್ದರು. ಅವರು ತೀರಿಕೊಂಡು ವರ್ಷಗಳಾದವು. ಮೂಲ ಹಾಳೆ ಸಂಘದ ನೆಲಮಹಡಿಯ ಕಪಾಟಿನಲ್ಲಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಆಗ ಕಪಾಟಿನ ಜೊತೆ ಅದೂ ಹೋಯಿತು. ಈಗ ನಮ್ಮ ಬಳಿ ಇರುವುದು ನಕಲಿನ ನಕಲು. ಜೆಪೆಗ್ ಪ್ರತಿ ಸಲ ತೆರೆದು ತಿದ್ದಿ ಉಳಿಸಿದಾಗಲೂ ಒಂದಿಷ್ಟು ವಿವರ ಕಳೆದುಕೊಳ್ಳುತ್ತದೆ. ಅವರು 'ಕ'ದ ತಲೆಕಟ್ಟಿಗೆ ಕೊಟ್ಟಿದ್ದ ಸಣ್ಣ ಬಳುಕು ಈಗ ಒಂದು ಮಸುಕು ಕಲೆ.

ಸಮಿತಿ ಬದಲಾದಾಗ ಖಜಾಂಚಿ ಪಾಸ್‌ಬುಕ್ಕು, ಎಫ್‌ಡಿ ರಸೀದಿ, ವೋಚರ್ ಫೈಲು ಎಲ್ಲಕ್ಕೂ ಸಹಿ ಹಾಕಿಸಿಕೊಂಡು ಚಾರ್ಜ್ ಕೊಡುತ್ತಾರೆ. ಲೋಗೋ ಯಾರಿಗೆ ಕೊಟ್ಟರು? ಹಳೇ ಕಾರ್ಯದರ್ಶಿಯ ಹಳೇ ಫೋನಿಗೆ. ಬ್ಯಾಂಕಿನಲ್ಲಿ ತಿಜೋರಿಯ ಬೀಗದ ಕೈ ಇಬ್ಬರ ಬಳಿ ಇರುತ್ತದೆ. ಲೋಗೋದ ಮೂಲ ಕಡತವೂ ಹಾಗೆ ಇಬ್ಬರ ಹತ್ತಿರ ಇರಬೇಕು, ಚಾರ್ಜ್ ಪಟ್ಟಿಯಲ್ಲಿ ಒಂದು ಸಾಲಾಗಿ ಬರಬೇಕು ಅಂತ ನನ್ನ ವಾದ. ಅದೂ ಎಸ್‌ವಿಜಿಯಲ್ಲಿದ್ದರೆ ಉತ್ತಮ. ಅದು ಚುಕ್ಕೆಗಳ ಲೆಡ್ಜರಲ್ಲ, ಗೆರೆಗಳ ಲೆಕ್ಕ. ಬಸ್ಸಿನಷ್ಟು ದೊಡ್ಡದು ಮಾಡಿದರೂ ಅಂಚು ಕೆಡುವುದಿಲ್ಲ, ಹಿನ್ನೆಲೆಯ ತಂಟೆಯೂ ಇಲ್ಲ. "ಇದಕ್ಕೂ ಖರ್ಚಾ?" ಅಂದರು ಕೆಲವರು. ವರ್ಷಾ ವರ್ಷಾ ಹಾರ-ಶಾಲಿಗೆ ಆಗುವ ಖರ್ಚಿನ ಮಾತು ನಾನು ಎತ್ತಲಿಲ್ಲ.

ಅಂದ ಹಾಗೆ, ಎಲ್ಲವೂ ಪಾರದರ್ಶಕ ಆಗಬೇಕಿಲ್ಲ. 2013ರಲ್ಲಿ ಮುಂಬೈಗೆ ಚೆಕ್ ಟ್ರಂಕೇಶನ್ ಬಂದಾಗ ಚೆಕ್ಕಿನ ಬದಲು ಅದರ ಚಿತ್ರಗಳು ಓಡಾಡತೊಡಗಿದವು. ಮುಂಭಾಗದ ಬೂದುಛಾಯೆಯ ಚಿತ್ರ ಜೆಪೆಗ್, ಹಿಂದು ಮುಂದಿನ ಕಪ್ಪು-ಬಿಳುಪು ಚಿತ್ರಗಳು ಟಿಫ್. ಅಲ್ಲಿ ಸಹಿಯ ಹಿಂದಿನ ಕಾಗದವೂ ಕಾಣಲೇಬೇಕು. ಆದರೆ ನಮ್ಮ ಪದಾಧಿಕಾರಿಗಳು ತಮ್ಮ ಸಹಿಯನ್ನೇ ಪಾರದರ್ಶಕ ಪಿಎನ್‌ಜಿ ಮಾಡಿ, ಪ್ರಮಾಣಪತ್ರಗಳಿಗೆ ಬೇಕಾಗುತ್ತೆ ಅಂತ ಗ್ರೂಪಿಗೇ ಹಾಕಿದ್ದಾರೆ. ಯಾವ ಕಾಗದದ ಮೇಲೆ ಯಾರು ಬೇಕಾದರೂ ಅಂಟಿಸಬಹುದು! ಮಾಹಿತಿ ತಂತ್ರಜ್ಞಾನ ಕಾಯಿದೆ 2000 ಹೇಳುವ ಡಿಜಿಟಲ್ ಸಹಿಯೇ ಬೇರೆ, ಹೀಗೆ ಅಂಟಿಸಿದ ಚಿತ್ರವೇ ಬೇರೆ. ದಯವಿಟ್ಟು ಅಳಿಸಿ ಅಂದೆ. ಇಬ್ಬರು ಅಳಿಸಿದರು, ಒಬ್ಬರು ಥಂಬ್ಸ್ ಅಪ್ ಹಾಕಿ ಸುಮ್ಮನಾದರು.

ಲೋಗೋದ ವಿಷಯಕ್ಕೆ ಒಂದು ಆಸೆ ಉಳಿದಿದೆ. ತೊಂಬತ್ತರ ದಶಕದ ನಮ್ಮ ಸ್ಮರಣ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಆ ಲೋಗೋ ಅಂಗೈ ಅಗಲ, ಒಂದೇ ಕಪ್ಪು ಬಣ್ಣದಲ್ಲಿ ಅಚ್ಚಾಗಿತ್ತು. ಅದು ಸಿಕ್ಕಿದರೆ ಚೆನ್ನಾಗಿ ಸ್ಕ್ಯಾನ್ ಮಾಡಿ, ಆ ಗೆರೆಗಳ ಮೇಲೆಯೇ ಮತ್ತೆ ಬರೆಸಬಹುದು. ಸಂಘದ ಹಳಬರು ಯಾರಾದರೂ ಓದುತ್ತಿದ್ದರೆ ಅಟ್ಟದ ಮೇಲೆ ಒಮ್ಮೆ ಹುಡುಕಿ. ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಡಿ, ನಾನೇ ಬಂದು ಒಯ್ಯುತ್ತೇನೆ.